ಮೂಲೆ ಪಂಪಿನ ಗಿರಾಕಿ

ಆ ಟ್ಯಾಕ್ಸಿಗೆ ಡ್ರೈವರನ ಮಗನಿಗಿಂತಲೂ ವಯಸ್ಸು ಹೆಚ್ಚು. ಮಗ ಎದ್ದು ನಿಲ್ಲಲು ಕಲಿತದ್ದು ಅದರ ಬಂಪರು ಹಿಡಿದುಕೊಂಡು. ಮುಂದೆ ಅವನು ಮದುವೆಯಾಗಿ ಹೆಂಡತಿಯನ್ನು ಮನೆಗೆ ಕರೆತಂದದ್ದೂ ಅದರ ಹಿಂದಿನ ಸೀಟಿನಲ್ಲೇ. ದಾರಿಯಲ್ಲಿ ಬಾಗಿಲು ತಾನಾಗಿ ತೆರೆದುಕೊಂಡೀತೆಂದು ಮದುಮಗಳೇ ಅದನ್ನು ಒಂದು ಕೈಯಲ್ಲಿ ಹಿಡಿದು ಕುಳಿತಿದ್ದಳು. ಸ್ಟ್ಯಾಂಡಿನ ಬೇರೆ ಡ್ರೈವರುಗಳು ಆ ಕಾರಿಗೆ ‘ಮುದುಕಿ’ ಎಂದು ಹೆಸರಿಟ್ಟಿದ್ದರು.

"ಏನಣ್ಣ, ಮುದುಕಿ ಬೆಳಿಗ್ಗೆ ಬೆಳಿಗ್ಗೆ ಕೆಮ್ಮಿದಳಾ?" ಎಂದು ಕೇಳುವರು.

"ನಿನ್ನ ಹೆಂಡತಿ ನಿನ್ನನ್ನ ಬೈದಷ್ಟು ಹೊತ್ತು ಕೆಮ್ಮಿಲ್ಲ ಬಿಡು," ಎಂದು ಅವನು ಬಟ್ಟೆ ತೆಗೆದುಕೊಂಡು ಗಾಜು ಒರೆಸಲು ಶುರುಮಾಡುವನು.

ಅಂಥ ಮುದುಕಿಗೆ ಊರಲ್ಲೇ ದುಬಾರಿಯಾದ ಪೆಟ್ರೋಲು. ಸ್ಟ್ಯಾಂಡಿನವರಿಗೆ ಅರ್ಥವಾಗದೆ ಉಳಿದದ್ದು ಇದೊಂದೇ. ಹೊಟ್ಟೆಪಾಡು ನೋಡಿಕೊಳ್ಳುವವರೆಲ್ಲ ಎಂದೋ ತಮ್ಮ ತಮ್ಮ ದಾರಿ ಹುಡುಕಿಕೊಂಡಿದ್ದರು. ಒಬ್ಬ ಡೀಸೆಲ್ ಕಾರು ತಂದಿದ್ದ; ಲೀಟರಿಗೆ ಬಹಳ ದೂರ ಹೋಗುತ್ತದೆ, ಆದರೆ ಸಿಗ್ನಲ್ಲಿನಲ್ಲಿ ನಿಂತರೆ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುತ್ತದೆ. ಇನ್ನೊಬ್ಬ ಗ್ಯಾಸ್ ಕೂರಿಸಿದ್ದ. ಖರ್ಚು ಇಳಿಯಿತು, ಆದರೆ ಡಿಕ್ಕಿಯ ತುಂಬ ಸಿಲಿಂಡರೇ ಕೂತು ಗಿರಾಕಿಯ ಪೆಟ್ಟಿಗೆ ಗಿರಾಕಿಯ ತೊಡೆಯ ಮೇಲೇ ಬಂತು. ಉಳಿದವರು ಸಾದಾ ಪೆಟ್ರೋಲಿನಲ್ಲಿ ಕಾಲ ಹಾಕುತ್ತಿದ್ದರು. ನಮ್ಮ ಡ್ರೈವರ್ ಒಬ್ಬನೇ ಸ್ಪೆಷಲ್ ಪೆಟ್ರೋಲಿನವನು.

"ಇವಳಿಗೆ ನಾಲಗೆ ರುಚಿ ಹತ್ತಿಬಿಟ್ಟಿದೆ. ಸಾದಾ ಹಾಕಿದ್ರೆ ಮುಖ ತಿರುಗಿಸ್ತಾಳೆ. ಲೀಟರಿಗೆ ಎರಡು ಮೂರು ಕಿಲೋಮೀಟರು ಜಾಸ್ತಿನೇ ಕೊಡ್ತಾಳೆ ಗೊತ್ತಾ?" ಎನ್ನುತ್ತಿದ್ದ.

ಅವನು ಯಾವತ್ತೂ ಅಳೆದು ನೋಡಿದವನಲ್ಲ. ಅಳೆಯುವ ಆಸೆಯೂ ಅವನಿಗಿರಲಿಲ್ಲ.

ನಿಜವಾದ ಕಾರಣ ಆ ಪೆಟ್ರೋಲ್ ಬಂಕಿನ ಒಳಗಿತ್ತು. ಬಂಕಿಗೆ ಕಾಲಿಟ್ಟ ಕೂಡಲೇ ಸಾದಾ ಪೆಟ್ರೋಲಿನ ಪಂಪುಗಳು. ಅಲ್ಲಿ ಯಾವಾಗಲೂ ಸಾಲು. ಸ್ಕೂಟರಿನವರು ಸೀಟು ಎತ್ತಿ ಹಿಡಿದುಕೊಂಡೇ ಮುಂದೆ ಜರುಗುತ್ತಿರುತ್ತಾರೆ, ಹಿಂದಿನವನು ಹಾರ್ನ್ ಮೇಲಿಂದ ಕೈ ತೆಗೆಯುವುದಿಲ್ಲ, ಪೈಪು ಹಿಡಿದ ಹುಡುಗರು ಗಿರಾಕಿಯ ಮುಖ ನೋಡುವುದಿಲ್ಲ, ಟ್ಯಾಂಕಿನ ಬಾಯಿ ಮಾತ್ರ ನೋಡುತ್ತಾರೆ. ಸ್ಪೆಷಲ್ ಪಂಪು ಹಾಗಲ್ಲ. ಅದು ಒಳಗಡೆ, ಕಾಂಪೌಂಡು ಗೋಡೆಯ ಮೂಲೆಯಲ್ಲಿ, ಗಾಳಿ ಹಿಡಿಸುವ ಯಂತ್ರದ ಪಕ್ಕ ಒಂಟಿಯಾಗಿ ನಿಂತಿದೆ. ಅಲ್ಲಿಗೆ ಬರುವವರು ಅಪರೂಪ. ಬಂದವರಿಗೆ ಅವಸರವಿಲ್ಲ.

ಆ ಪಂಪು ನೋಡಿಕೊಳ್ಳುವವಳು ಐವತ್ತು ದಾಟಿದ ಹೆಂಗಸು. ನೀಲಿ ಕೋಟು, ನರೆತ ಜಡೆಯನ್ನು ಸುರುಳಿ ಸುತ್ತಿ ಒಳಗೆ ತುರುಕಿದ ಟೋಪಿ, ಭುಜದ ಮೇಲೆ ಸದಾ ಒಗೆದ ಬಟ್ಟೆಯ ತುಂಡು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಬಂಕಿನ ಹಿಂದೆಯೇ ಆಕೆಯ ತಮ್ಮನ ಗ್ಯಾರೇಜು. ಮೇಲಿನ ಎರಡು ಕೋಣೆಗಳಲ್ಲಿ ಅಕ್ಕ, ತಮ್ಮ, ತಮ್ಮನ ಹೆಂಡತಿ ಇದ್ದರು. ಪೆಟ್ರೋಲು ಹಾಕುವಾಗ ಆಕೆಯದು ಒಂದು ಕ್ರಮ. ಮುಚ್ಚಳ ತಿರುಗಿಸಿ ತೆಗೆದು ಬಟ್ಟೆಯ ಮೇಲಿಡುವಳು, ಹಾಕಿ ಮುಗಿದ ಮೇಲೂ ಪೈಪನ್ನು ಎಳೆಯದೆ ಹಾಗೇ ನಿಲ್ಲುವಳು, ಒಳಗಿನ ಕೊನೆಯ ಹನಿಯೂ ಟ್ಯಾಂಕಿಗೆ ಬಿದ್ದಿತೆಂದು ಕಿವಿಗೊಟ್ಟು ಖಾತ್ರಿ ಮಾಡಿಕೊಂಡು, ಬಾಯಿಗೆ ಒಮ್ಮೆ ಮೆಲ್ಲಗೆ ತಟ್ಟಿ ಹೊರಗೆ ತೆಗೆಯುವಳು. "ಅದು ನಿಮ್ಮ ಹನಿ, ನಮ್ಮದಲ್ಲ," ಎನ್ನುವಳು.

ಆ ಹನಿ ಬೀಳುವಷ್ಟು ಹೊತ್ತು, ಮುಚ್ಚಳ ಒರೆಸುವಷ್ಟು ಹೊತ್ತು, ಚಿಲ್ಲರೆ ಹುಡುಕುವಷ್ಟು ಹೊತ್ತು ಮಾತು. ಅದಕ್ಕಾಗಿಯೇ ಡ್ರೈವರ್ ಬರುತ್ತಿದ್ದುದು. ಟ್ಯಾಂಕು ತುಂಬಿಸಿಕೊಂಡರೆ ವಾರಕ್ಕೊಂದು ಸಲ ಮಾತ್ರ ಬರಬೇಕಾಗುತ್ತದಲ್ಲ? ಆದ್ದರಿಂದ ದಿನಾ ಒಂದೊಂದು ಚೂರು ಹಾಕಿಸುವನು. ಬೆಳಗಿನಿಂದ ಸಂಜೆಯವರೆಗೆ ಕಾರಿಗೆ ಹತ್ತಿದವರಲ್ಲಿ ಯಾರ ಕತೆ ಚೆನ್ನಾಗಿದೆಯೋ ಅದನ್ನು ಆಕೆಗೆಂದು ಎತ್ತಿಡುವನು. ಒಂದು ದಿನ ಖಾಲಿ ಪಂಜರ ತೊಡೆಯ ಮೇಲಿಟ್ಟುಕೊಂಡು ಬಂದ ಗಿರಾಕಿ, ಗಿಣಿ ತಪ್ಪಿಸಿಕೊಂಡಿದೆ, ನೀವು ಮೆಲ್ಲಗೆ ಓಡಿಸಿ, ನಾನು ಮರಗಳನ್ನು ನೋಡುತ್ತೇನೆ ಎಂದಿದ್ದ. ಇನ್ನೊಂದು ದಿನ ಹತ್ತಿದ ಹೆಂಗಸು, ಎಲ್ಲಿಗೂ ಬೇಡ, ನನಗೆ ನಮ್ಮ ಯಜಮಾನರ ಮೇಲಿನ ಸಿಟ್ಟು ಇಳಿಯುವವರೆಗೆ ಇದೇ ಬೀದಿಯಲ್ಲಿ ಸುತ್ತಿಸಿ ಎಂದಿದ್ದಳು.

"ಇಳೀತಾ ಸಿಟ್ಟು?" ಎಂದು ಪಂಪಿನಾಕೆ ಪೈಪು ಹಿಡಿದುಕೊಂಡೇ ಕೇಳಿದ್ದಳು.

"ಎಲ್ಲಿ ಇಳೀತು! ಅಷ್ಟರಲ್ಲಿ ಆ ಯಜಮಾನರೇ ಬೀದಿಗೆ ಬಂದು ಕೈ ಅಡ್ಡ ಹಿಡಿದ್ರು. ಇಬ್ಬರನ್ನೂ ಕೂರಿಸ್ಕೊಂಡು ಸುತ್ತಿಸಿದೆ."

ಆಕೆ ಪಂಪಿನ ಮೇಲೆ ಕೈಯೂರಿ ನಕ್ಕಿದ್ದಳು. ಆ ನಗು ಡ್ರೈವರನಿಗೆ ಮರುದಿನ ಮಧ್ಯಾಹ್ನದವರೆಗೂ ಸಾಕಾಗಿತ್ತು.

ಹೆಂಡತಿ ತೀರಿಕೊಂಡ ಮೇಲೆ ಅವನಿದ್ದದ್ದು ಮಗ ಸೊಸೆಯ ಜೊತೆ. ಸೊಸೆಯ ಕಣ್ಣು ಚುರುಕು. ಒಂದು ಸಂಜೆ ಅವನು ಕನ್ನಡಿಯ ಮುಂದೆ ನಿಂತಿದ್ದಾಗ ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು, "ಮಾವ, ಎಲ್ಲಿಗೆ ಹೊರಟ್ರಿ?" ಎಂದಳು.

"ಎಲ್ಲಿಗೂ ಇಲ್ಲಮ್ಮ. ಪೆಟ್ರೋಲ್ ಹಾಕಿಸ್ಕೊಂಡು ಬರ್ತೀನಿ."

"ಪೆಟ್ರೋಲ್ ಹಾಕ್ಸೋಕೆ ಯಾರಾದ್ರೂ ತಲೆ ಬಾಚ್ಕೊಂಡು ಹೋಗ್ತಾರಾ?"

ಮಾವ ಬಾಚಣಿಗೆಯನ್ನು ಜೇಬಿಗೆ ಹಾಕಿಕೊಂಡು ಹೊರಟುಬಿಟ್ಟ. ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕದ್ದು ಅವನ ಬೆನ್ನಿಗೆ ತಿಳಿಯಿತು.

ಇಷ್ಟು ಸೊಗಸಾಗಿ ನಡೆಯುತ್ತಿದ್ದುದಕ್ಕೆ ಆ ಶುಕ್ರವಾರ ಕಲ್ಲು ಬಿತ್ತು.

ಅವತ್ತು ಅವನ ಮುಂದೆ ಮೂಲೆ ಪಂಪಿನಲ್ಲಿ ಒಂದು ಹೊಸ ಕಾರು ನಿಂತಿತ್ತು. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂಥ, ಕೆಂಪು ಬಣ್ಣದ, ಎರಡೇ ಬಾಗಿಲಿನ ಕಾರು. ಅದು ಹೊರಟುಹೋದ ಮೇಲೆ ಆಕೆ ಅದರ ಹಿಂದೆಯೇ ನೋಡುತ್ತ, "ಅದಕ್ಕೆ ಬೇಕು ನೋಡಿ ಈ ಪೆಟ್ರೋಲು," ಎಂದಳು. "ಆ ಎಂಜಿನ್ ಒಳಗೆ ಗಾಳಿ, ಪೆಟ್ರೋಲು ಎರಡನ್ನೂ ಸೇರಿಸಿ ಹಿಂಡಿ ಹಿಂಡಿ ಇಡುತ್ತೆ. ಸಾದಾ ಹಾಕಿದ್ರೆ ಕಿಡಿ ಬೀಳೋಕೆ ಮುಂಚೆನೇ ಅಲ್ಲೊಂದು ಇಲ್ಲೊಂದು ಹೊತ್ತಿಕೊಂಡು ಟಕಟಕ ಅಂತ ಬಡ್ಕೊಳ್ಳುತ್ತೆ. ಶಕ್ತಿನೂ ಹೋಗುತ್ತೆ, ಮೈಲೇಜೂ ಹೋಗುತ್ತೆ. ಸ್ಪೆಷಲ್ ಆದ್ರೆ ಒತ್ತಡ ತಡ್ಕೊಂಡು ಕಿಡಿಗೆ ಕಾಯುತ್ತೆ, ಅಷ್ಟೇ ಅದರ ದೊಡ್ಡತನ. ನಿಮ್ಮ ಕಾರಿನ ಕತೆ ಬೇರೆ. ಅದರೊಳಗೆ ಅಂಥ ಒತ್ತಡನೇ ಇಲ್ಲ. ಸಾದಾ ಹಾಕಿದ್ರೂ ಅಷ್ಟೇ ಓಡುತ್ತೆ, ಇದು ಹಾಕಿದ್ರೂ ಅಷ್ಟೇ ಓಡುತ್ತೆ."

"ಛೇ, ಹಾಗೇನಿಲ್ಲ. ಜಾಸ್ತಿ ಕೊಡುತ್ತೆ," ಎಂದ ಡ್ರೈವರ್.

"ಯಾರು ಹೇಳಿದ್ದು?"

"ಅವಳೇ. ಓಡುವಾಗ ಗೊತ್ತಾಗುತ್ತೆ."

ಆಕೆ ಮುಚ್ಚಳವನ್ನು ಬಿಗಿ ಮಾಡಿ, ಬಟ್ಟೆಯಲ್ಲಿ ಕೈ ಒರೆಸಿಕೊಂಡು ಅವನನ್ನೇ ನೋಡಿದಳು. "ನೋಡಿ ಡ್ರೈವರ್ರೇ, ನನಗೆ ರಾತ್ರಿ ನಿದ್ದೆ ಬರಲ್ಲ. ನೀವು ದಿನವಿಡೀ ಸ್ಟೀರಿಂಗ್ ತಿರುಗಿಸಿ ದುಡಿದದ್ದನ್ನ ನಾನು ಈ ಪೈಪಲ್ಲಿ ಸುಮ್ಮನೆ ಹರಿಸಿಬಿಡ್ತಾ ಇದ್ದೀನಿ. ನಮ್ಮ ಮ್ಯಾನೇಜರು ಏನಂದ್ರೂ ಸರಿ, ಇನ್ಮೇಲೆ ನಿಮ್ಮ ಕಾರಿಗೆ ನಾನು ಇದನ್ನ ಹಾಕಲ್ಲ. ಆ ಕಡೆ ಸಾಲಲ್ಲಿ ನಿಂತ್ಕೊಳ್ಳಿ."

ಆ ಕಡೆ ಎಂದರೆ ಸ್ಕೂಟರುಗಳ ಸಾಲು. ಅಲ್ಲಿಂದ ಮೂಲೆಗೆ ಕೈ ಬೀಸಬಹುದೇ ಹೊರತು ಪಂಜರದ ಕತೆ ಹೇಳಲಾಗದು.

"ಜಾಸ್ತಿ ಕೊಡುತ್ತೆ ಅಂತ ತೋರಿಸಿಕೊಟ್ರೆ?" ಎಂದು ಬಾಯಿ ತಪ್ಪಿ ಬಂತು.

"ತೋರಿಸಿ. ಭಾನುವಾರ ನನಗೆ ರಜ. ನಮ್ಮ ತಮ್ಮ ಬಾಟಲಿ ಕಟ್ಟಿಕೊಡ್ತಾನೆ. ಸ್ಪೆಷಲ್ಲೇ ಜಾಸ್ತಿ ಕೊಟ್ರೆ ನೀವು ಬದುಕಿರೋವರೆಗೂ ಹಾಕ್ತೀನಿ, ಬಾಯಿ ಬಿಡಲ್ಲ. ಇಲ್ಲ ಅಂದ್ರೆ ಆ ಸಾಲು. ಒಪ್ಪಿಗೆನಾ?"

ಒಪ್ಪದೆ ಏನು ಮಾಡುತ್ತಾನೆ?

ಬಾಟಲಿ ಕಟ್ಟುವುದೆಂದರೆ ಹಳೆ ಗಾಡಿಗಳ ಮೈಲೇಜು ನೋಡುವ ಗ್ಯಾರೇಜಿನ ಪದ್ಧತಿ. ಟ್ಯಾಂಕಿನಿಂದ ಬರುವ ನಳಿಕೆಯನ್ನು ಕಳಚಿ, ಅದರ ಬದಲು ಸರಿಯಾಗಿ ಒಂದು ಲೀಟರು ತುಂಬಿದ ಬಾಟಲಿಯಿಂದ ಎಂಜಿನ್ನಿಗೆ ನಳಿಕೆ ಕೊಡುತ್ತಾರೆ. ಬಾಟಲಿ ಖಾಲಿಯಾಗಿ ಗಾಡಿ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಲೆಕ್ಕ. ಟ್ಯಾಂಕಿನಲ್ಲಿ ಏನಿದ್ದರೂ ಅದು ಆಟಕ್ಕಿಲ್ಲ.

ಭಾನುವಾರ ಬೆಳಿಗ್ಗೆ ಡ್ರೈವರ್ ಗ್ಯಾರೇಜಿಗೆ ಬಂದಾಗ ಮೆಕ್ಯಾನಿಕ್ ತಮ್ಮ ಆಗಲೇ ಬಾನೆಟ್ಟು ಎತ್ತಲು ಕಾಯುತ್ತಿದ್ದ. ಕೈಗೆ, ಕೆನ್ನೆಗೆ, ಕಿವಿಗೂ ಗ್ರೀಸು ಮೆತ್ತಿಕೊಂಡ ಸಣಕಲ ಮನುಷ್ಯ.

"ಅಣ್ಣ, ಈ ಎಂಜಿನ್ನಿಗೆ ಎರಡೂ ಒಂದೇ. ನಾನು ಬರೆದುಕೊಡ್ತೀನಿ ಬೇಕಾದ್ರೆ," ಎಂದ. "ಒಂದು ಒಳ್ಳೇ ಭಾನುವಾರ ಯಾಕೆ ಹಾಳು ಮಾಡ್ಕೊಳ್ತೀರಿ ಇಬ್ರೂ?"

"ನೀನು ಸುಮ್ಮನೆ ಕಟ್ಟು," ಎಂದಳು ಅಕ್ಕ. ಅವತ್ತು ಆಕೆ ನೀಲಿ ಕೋಟಿನಲ್ಲಿರಲಿಲ್ಲ. ಬಿಳಿ ಹೂವಿನ ಹಸಿರು ಸೀರೆ ಉಟ್ಟು, ಟೋಪಿಯಿಲ್ಲದೆ, ಉದ್ದ ಜಡೆ ಬೆನ್ನ ಮೇಲೆ ಬಿಟ್ಟು ನಿಂತಿದ್ದಳು. ಜಡೆ ಅಷ್ಟು ಉದ್ದವೆಂದು ಡ್ರೈವರನಿಗೆ ಗೊತ್ತೇ ಇರಲಿಲ್ಲ. ಅವನು ಗಾಜು ಒರೆಸತೊಡಗಿದ. ಒರೆಸಿದ ಗಾಜನ್ನೇ ಮತ್ತೆ ಒರೆಸಿದ.

ಮೆಕ್ಯಾನಿಕ್ ಡ್ಯಾಷ್‌ಬೋರ್ಡಿನ ಕೆಳಗಿನ ಹಳೆಯ ತೂತಿನಿಂದ ನಳಿಕೆ ತೂರಿಸಿ, ಬಾಟಲಿಯನ್ನು ಡ್ರೈವರನ ಪಕ್ಕದ ಸೀಟಿನಲ್ಲಿ ಕುಳಿತ ಅಕ್ಕನ ಕಡೆಯ ಕೊಕ್ಕೆಗೆ ತೂಗುಹಾಕಿದ. ಆಕೆಯ ಕಾಲ ಬಳಿ ಸಾದಾ ಪೆಟ್ರೋಲಿನ ಒಂದು ಕ್ಯಾನು, ಒಂದು ಆಲಿಕೆ. ನಿಂತಲ್ಲಿಂದ ವಾಪಸು ಬರಬೇಕಲ್ಲ? "ಕಿಟಕಿ ಎಲ್ಲ ಇಳಿಸಿರಿ, ಬೆಂಕಿ ಬೀಡಿ ಹತ್ತಿರ ತರಬೇಡಿ," ಎಂದು ಹೇಳಿ ಡ್ರೈವರನ ಬೆನ್ನು ತಟ್ಟಿದ. ಊರ ಸುತ್ತ ಹೋಗುವ ರಿಂಗ್ ರಸ್ತೆಯೇ ಪರೀಕ್ಷೆಯ ದಾರಿ. ಸುತ್ತು ಮುಗಿದರೆ ಮತ್ತೆ ಗ್ಯಾರೇಜಿನ ಮುಂದೆಯೇ ಬರುತ್ತದೆ.

ಮೊದಲು ಸ್ಪೆಷಲ್ಲು. ಡ್ರೈವರ್ ಕಾರನ್ನು ಓಡಿಸಲಿಲ್ಲ, ಮಲಗಿದ ಕೂಸನ್ನು ಎತ್ತಿಕೊಂಡು ಹೋದ ಹಾಗೆ ಹೋದ. ಬ್ರೇಕು ತುಳಿಯುವ ಪ್ರಮೇಯವೇ ಬಾರದಂತೆ ದೂರದಿಂದಲೇ ಕಾಲು ಎತ್ತುವನು. ಇಳಿಜಾರು ಕಂಡರೆ ಗೇರು ಕಳಚಿ ಸುಮ್ಮನೆ ಜಾರಿಸುವನು. ಸೈಕಲ್ಲಿನವರು ದಾಟಿ ಹೋದರು. ಹಾಲಿನ ಡಬ್ಬ ಹೊತ್ತ ಸೈಕಲ್ಲಿನವನೂ ದಾಟಿ ಹೋಗಿ, ತಿರುಗಿ ನೋಡಿ ನಕ್ಕ.

"ಆ ಕೋಲು ಹಿಡಿದ ಅಜ್ಜ ನಮ್ಮನ್ನ ಹಿಂದೆ ಹಾಕ್ತಾರೇನೋ," ಎಂದಳು ಆಕೆ. "ಬೇಕಾದ್ರೆ ಹಾರ್ನ್ ಮಾಡಿ, ಹೆದರಿಯಾದ್ರೂ ನಿಂತ್ಕೊಳ್ಳಲಿ."

"ನಾನು ಯಾವಾಗಲೂ ಹೀಗೇ ಓಡಿಸೋದು."

"ಹಾಗಾದ್ರೆ ನಿಮ್ಮ ಗಿರಾಕಿಗಳು ರೈಲು ತಪ್ಪಿಸಿಕೊಂಡವರೇ ಇರಬೇಕು."

ಒಂದು ಸುತ್ತು ಮುಗಿದು, ಬಿಸ್ಕತ್ ಫ್ಯಾಕ್ಟರಿಯ ಉದ್ದ ಗೋಡೆ ದಾಟಿ, ಅದರಾಚೆಯ ಮೈದಾನದ ಬಳಿ ಬಾಟಲಿ ಖಾಲಿಯಾಯಿತು. ಭಾನುವಾರವಾದ್ದರಿಂದ ಫ್ಯಾಕ್ಟರಿಯ ಚಿಮಣಿ ತಣ್ಣಗಿತ್ತು. ಮುದುಕಿ ಎರಡು ಸಲ ಬಿಕ್ಕಿ ನಿಂತಳು. ಮೀಟರು ಹದಿನೈದು ಕಿಲೋಮೀಟರಿಗೆ ಚೂರು ಕಡಿಮೆ ತೋರಿಸುತ್ತಿತ್ತು. ಆಕೆ ಹುಬ್ಬು ಏರಿಸಿದಳು. "ಪರವಾಗಿಲ್ಲ, ಒಳ್ಳೇ ಗುಣದವಳೇ," ಎಂದು ಡ್ಯಾಷ್‌ಬೋರ್ಡನ್ನು ಸವರಿದಳು. ಡ್ರೈವರನಿಗೆ ಸವರಿದ್ದು ತನ್ನ ಕೈಯನ್ನೇ ಎನಿಸಿ ಕಿವಿ ಬಿಸಿಯಾಯಿತು.

ಈಗ ಸಾದಾ. ಇದು ಗೆದ್ದರೂ, ಸಮ ಬಂದರೂ ತನ್ನ ಕತೆ ಮುಗಿಯಿತು ಎಂದು ಅವನಿಗೆ ಗೊತ್ತಿತ್ತು. ಗ್ಯಾರೇಜಿಗೆ ಹಿಂತಿರುಗಿ, ಆಕೆಯ ತಮ್ಮ ಬಾಟಲಿ ತುಂಬಿ ಕೊಟ್ಟು ಒಳಗೆ ಹೋಗುವಷ್ಟರಲ್ಲಿ ಅವನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಆ ಕಾಲದ ಕಾರುಗಳಲ್ಲಿ ಹ್ಯಾಂಡ್‌ಬ್ರೇಕು ಸ್ಟೀರಿಂಗಿನ ಕೆಳಗೆ ಇರುತ್ತದೆ, ಕೊಡೆಯ ಹಿಡಿಯಂತೆ. ಪಕ್ಕದಲ್ಲಿ ಕೂತವರಿಗೆ ಕಾಣುವುದಿಲ್ಲ. ಅವನು ದೊಡ್ಡದಾಗಿ ಕೆಮ್ಮಿದ. ಕೆಮ್ಮಿನ ಸದ್ದಿನಲ್ಲಿ ಹಿಡಿಯನ್ನು ಕಟಕ್ ಎಂದು ಒಂದು ಹಲ್ಲು ಎಳೆದ. ಸಾಲದೆನಿಸಿತು. ಮತ್ತೆ ಕೆಮ್ಮಿದ. ಇನ್ನೊಂದು ಹಲ್ಲು.

"ಕೆಮ್ಮು ಕಾರಿಗೆ ಅಂತಿದ್ರು, ನಿಮಗೇ ಹತ್ತಿದೆಯಲ್ಲ," ಎಂದಳು ಆಕೆ.

ಬ್ರೇಕು ಅರ್ಧ ಹಿಡಿದ ಕಾರು ಮೊಂಡು ಹಿಡಿದ ಎಮ್ಮೆಯ ಹಾಗೆ ಹೊರಟಿತು. ಡ್ರೈವರ್ ಬೇಕೆಂದೇ ಗೇರು ತಡವಾಗಿ ಬದಲಿಸಿದ, ಆಕ್ಸಿಲರೇಟರು ಸುಮ್ಮಸುಮ್ಮನೆ ಒತ್ತಿದ. "ನೋಡಿ, ನೋಡಿ, ಸಾದಾ ಹಾಕಿದ ಕೂಡಲೇ ಹೇಗೆ ಮುಖ ತಿರುಗಿಸಿದಳು! ಎಳೆಯೋದೇ ಇಲ್ಲ," ಎಂದು ಹೇಳುತ್ತಲೇ ಇದ್ದ. ಆಕೆ ಬಾಟಲಿ ನೋಡಿದಳು. ಪೆಟ್ರೋಲು ಕಣ್ಣಿಗೆ ಕಾಣುವಂತೆ ಇಳಿಯುತ್ತಿತ್ತು. ಪಾಪ, ಆಕೆಯ ಮುಖದಲ್ಲಿ ಅನುಮಾನ ಸುಳಿಯಿತು. ಇಷ್ಟು ವರ್ಷ ತಾನು ತಿಳಿದದ್ದೇ ತಪ್ಪೇನೋ ಎನ್ನುವಂಥ ಅನುಮಾನ. ಅದನ್ನು ಕಂಡು ಡ್ರೈವರನಿಗೆ ಒಳಗೊಳಗೇ ಚುಚ್ಚಿತು. ಆದರೆ ಬಿಡಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಆಕೆ ಮೂಗು ಎಳೆದಳು. "ಏನೋ ಸುಟ್ಟ ವಾಸನೆ."

"ಬಿಸ್ಕತ್ ಫ್ಯಾಕ್ಟರಿದು."

"ಫ್ಯಾಕ್ಟರಿ ಇನ್ನೂ ಎಲ್ಲೋ ಇದೆ!"

"ಗಾಳಿ ಈ ಕಡೆ ಬೀಸ್ತಾ ಇದೆ."

"ಇವತ್ತು ರಜ ಅಲ್ವಾ ಅವರಿಗೆ?"

ಡ್ರೈವರ್ ಹೊಸ ನೆಪ ಹುಡುಕುತ್ತಿದ್ದಾಗಲೇ ತರಕಾರಿ ಚೀಲ ಹೇರಿಕೊಂಡ ಸೈಕಲ್ಲಿನ ಹೆಂಗಸೊಬ್ಬಳು ಪಕ್ಕಕ್ಕೆ ಬಂದು, "ರೀ ಯಜಮಾನ್ರೇ! ಹಿಂದಿನ ಚಕ್ರದಲ್ಲಿ ಹೊಗೆ ಬರ್ತಾ ಇದೆ!" ಎಂದು ಕೂಗಿದಳು.

"ನಿಲ್ಲಿಸಿ," ಎಂದಳು ಪಂಪಿನಾಕೆ.

ನಿಲ್ಲಿಸಿದ. ಆಕೆ ಇಳಿದು ಹಿಂದೆ ಹೋಗಿ, ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ, ತಟ್ಟನೆ ಹಿಂದೆಗೆದಳು. ಮತ್ತೆ ಬಂದು ಡ್ರೈವರನ ಕಡೆಯ ಕಿಟಕಿಯಲ್ಲಿ ಬಗ್ಗಿ ಒಳಗೆ ನೋಡಿದಳು. ಹೊರಗೆ ಚಾಚಿಕೊಂಡ ಹ್ಯಾಂಡ್‌ಬ್ರೇಕಿನ ಹಿಡಿ ತಾನು ಇಲ್ಲೇ ಇದ್ದೇನೆ ಎನ್ನುವಂತೆ ಎದುರಿಗೇ ಇತ್ತು. ಆಕೆ ಅದನ್ನು ನೋಡಿದಳು, ಅವನನ್ನು ನೋಡಿದಳು, ರಸ್ತೆ ಬದಿಯ ಮೈಲಿಗಲ್ಲಿನ ಮೇಲೆ ಹೋಗಿ ಆ ಕಡೆ ಮುಖ ಮಾಡಿ ಕುಳಿತುಬಿಟ್ಟಳು.

ಡ್ರೈವರ್ ಇಳಿದು ಬಂದು ನಿಂತ. ಹೇಳಲು ಬಾಯಿ ತೆರೆದರೆ ಬರೀ ಕೆಮ್ಮು ಬಂತು. ಈ ಸಲ ನಿಜವಾದ ಕೆಮ್ಮು.

"ಬ್ರೇಕು... ಅದು ನಾನೇ ಹಾಕಿದ್ದು," ಎಂದ ಕೊನೆಗೆ.

ಆಕೆ ಸೆರಗಿನ ತುದಿ ಮುಖಕ್ಕೆ ಎತ್ತಿಕೊಂಡಳು.

"ಸಾದಾ ಗೆದ್ರೆ ಆ ಸಾಲಿಗೆ ಹೋಗಬೇಕಾಗಿತ್ತು. ಅಲ್ಲಿ ಹಿಂದಿನವನು ಹಾರ್ನ್ ಹೊಡೀತಾನೆ. ಮಾತಾಡೋಕೆ ಬಿಡಲ್ಲ. ನಿಮ್ಮ ಹತ್ರ ಯಾರೂ ಹೊಡೆಯಲ್ಲ. ಮೈಲೇಜಿನ ಪಾಡು ಮೈಲೇಜಿಗೆ. ನನಗೆ ಪೆಟ್ರೋಲ್ ಯಾವುದಾದರೇನು, ಸೀಮೆಎಣ್ಣೆ ಆದರೇನು. ನನಗೆ ಬೇಕಾಗಿದ್ದು ಆ ಮೂಲೆ."

ಆಕೆಯ ಭುಜ ಅಲುಗಿತು. ಅಯ್ಯೋ, ಅಳಿಸಿಬಿಟ್ಟೆನಲ್ಲ ಎಂದು ಡ್ರೈವರ್ ಗಾಬರಿಬಿದ್ದ. ಕಲ್ಲಿನ ಮುಂಭಾಗಕ್ಕೆ ಸುತ್ತಿಬಂದು ನೋಡುತ್ತಾನೆ, ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಾಳೆ. ಅವನ ಮುಖ ಕಂಡದ್ದೇ ಸೆರಗು ಬಿಟ್ಟು ಗಟ್ಟಿಯಾಗಿ ನಕ್ಕಳು. ಕಣ್ಣೀರು ಒರೆಸಿಕೊಂಡಳು, ಮತ್ತೆ ಆ ಹ್ಯಾಂಡ್‌ಬ್ರೇಕಿನ ಕಡೆ ಕೈ ತೋರಿಸಿ ನಕ್ಕಳು.

"ಎರಡೆರಡು ಸಲ ಕೆಮ್ಮಿದ್ದು ಇದಕ್ಕಾ!"

"ಹೂಂ."

"ಬಿಸ್ಕತ್ ಫ್ಯಾಕ್ಟರಿ!"

"ಆಗ ಬೇರೆ ಏನೂ ಹೊಳೀಲಿಲ್ಲ."

"ಅಲ್ರೀ, ಇಷ್ಟು ದಿನ ನನ್ನ ಹತ್ರ ಮಾತಾಡೋಕೆ ಅಂತ ಆ ಮುದುಕಿಗೆ ಅಷ್ಟು ದುಬಾರಿದು ಕುಡಿಸಿದ್ರಾ? ಕೆಲಸ ಮುಗಿದ ಮೇಲೆ ಒಂದು ಲೋಟ ಟೀ ಕುಡಿಯೋಣ ಬನ್ನಿ ಅಂತ ಒಂದು ಮಾತು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ನೀವು ಬರಲ್ಲ ಅಂದ್ಬಿಟ್ಟಿದ್ರೆ?"

"ಬರಲ್ಲ ಅಂದಿದ್ರೆ ಸಾದಾ ಹಾಕಿಸ್ಕೊಂಡು ನೆಮ್ಮದಿಯಾಗಿ ಇರಬಹುದಿತ್ತು!"

ಬರುತ್ತೇನೆ ಎಂದಳೇ, ಬರುವುದಿಲ್ಲ ಎಂದಳೇ? ಡ್ರೈವರನಿಗೆ ಒಂದೂ ತಿಳಿಯಲಿಲ್ಲ. ಕೇಳಲು ಧೈರ್ಯವೂ ಬರಲಿಲ್ಲ. ಅಷ್ಟರಲ್ಲಿ ಆಕೆ ಎದ್ದು ಸೀರೆ ಕೊಡವಿಕೊಂಡಳು. ಮುಖ ಗಂಭೀರ ಮಾಡಿಕೊಂಡಳು.

"ಏನೇ ಆಗಲಿ, ಆಡಿದ ಮಾತು ಮಾತೇ. ಸರಿಯಾಗಿ ಇನ್ನೊಂದು ಸಲ ನೋಡಲೇಬೇಕು. ಸಾದಾ ಕಮ್ಮಿ ಕೊಡಲಿಲ್ಲ ಅಂದ್ರೆ ನಾಳೆಯಿಂದ ನೀವು ಆ ಸಾಲಿಗೆ. ಆ ಬ್ರೇಕು ಬಿಡಿ ಮೊದಲು. ಪಾಪ, ಅವಳ ಕಾಲು ಸುಟ್ಟುಬಿಟ್ರಿ."

ಚಕ್ರ ತಣ್ಣಗಾಗುವವರೆಗೆ ಮರದ ನೆರಳಲ್ಲಿ ನಿಂತರು. ಆಕೆ ಕ್ಯಾನಿನಿಂದ ಬಾಟಲಿಗೆ ಗೆರೆಯವರೆಗೆ ಸಾದಾ ಪೆಟ್ರೋಲು ತುಂಬಿದಳು, ಆಲಿಕೆಯ ಕೊನೆಯ ಹನಿ ಬೀಳುವವರೆಗೂ ಕಾದಳು. ಡ್ರೈವರ್ ಮೀಟರು ನೋಡಿಕೊಂಡು ಹೊರಟ. ಈ ಸಲ ಮೋಸವಿಲ್ಲ, ಮುದ್ದೂ ಇಲ್ಲ. ಗಿರಾಕಿಯನ್ನು ಕೂರಿಸಿಕೊಂಡು ಹೋದಂತೆ ಹದವಾಗಿ ಓಡಿಸಿದ. ಸೋಲು ಗೊತ್ತಾದ ಮೇಲೆ ಮನುಷ್ಯನಿಗೆ ಒಂದು ಬಗೆಯ ನಿರಾಳ ಬರುತ್ತದಲ್ಲ, ಅದು ಅವನಿಗೂ ಬಂತು. ಇದೇ ಕೊನೆಯ ಮಾತುಕತೆಯಾದರೆ ಆಗಲಿ ಎಂದು ಎತ್ತಿಟ್ಟಿದ್ದ ಕತೆಗಳನ್ನೆಲ್ಲ ತೆಗೆದ. ಆಕೆಯೂ ತೆಗೆದಳು. ಹಾರ್ನ್ ಹೊಡೆಯುವವರು ಯಾರೂ ಇರಲಿಲ್ಲ. ಆಕೆ ಚಿಕ್ಕವಳಿದ್ದಾಗ ಬಂಕುಗಳಲ್ಲಿ ಕೈಯಿಂದ ತಿರುಗಿಸುವ ಪಂಪು ಇತ್ತಂತೆ. ಮೇಲೆ ಗಾಜಿನ ಹಂಡೆಯೊಳಗೆ ಪೆಟ್ರೋಲು ಏರುವುದನ್ನು ನೋಡಲೆಂದೇ ಆಕೆ ಶಾಲೆ ತಪ್ಪಿಸಿ ಬಂದು ಕೂರುತ್ತಿದ್ದಳಂತೆ. "ಅದಕ್ಕೇ ಓದು ಹತ್ತಲಿಲ್ಲ, ಪೆಟ್ರೋಲು ಹತ್ತಿತು," ಎಂದಳು.

ಒಂದು ಸುತ್ತು ಮುಗಿಯಿತು. ಗ್ಯಾರೇಜಿನ ಬಾಗಿಲಲ್ಲಿ ತಮ್ಮ ಕೈ ಎತ್ತಿದ. ಸ್ವಲ್ಪ ಮುಂದೆ ಹೋದ ಮೇಲೆ ಆಕೆ, "ಒಂದು ನಿಮಿಷ ನಿಲ್ಲಿಸಿ. ಚಕ್ರ ಮತ್ತೆ ಬಿಸಿಯಾಗಿದೆಯಾ ನೋಡ್ಕೊಂಡು ಬನ್ನಿ, ನನಗೆ ಯಾಕೋ ಅನುಮಾನ," ಎಂದಳು. ಡ್ರೈವರ್ ಎಂಜಿನ್ ಆರಿಸಿ, ಇಳಿದು, ಹಿಂದೆ ಹೋಗಿ ಮುಟ್ಟಿ ನೋಡಿದ. ತಣ್ಣಗಿತ್ತು. ಬಂದು ಹಾಗೆಯೇ ಹೇಳಿದ. ಹೊರಟರು.

ಬಿಸ್ಕತ್ ಫ್ಯಾಕ್ಟರಿಯ ಗೋಡೆ ಬಂತು, ದಾಟಿತು. ಮೈದಾನವೂ ದಾಟಿತು. ಡ್ರೈವರ್ ಮೀಟರಿನ ಕಡೆ ಕಳ್ಳನೋಟ ಹಾಯಿಸಿದ, ಹದಿನೈದು. ಮುಗಿಯಿತು, ಸಾದಾ ಗೆದ್ದಿತು. ಆಕೆ ಹೇಳಿದ್ದೇ ನಿಜವೆಂದು ಮನಸ್ಸಿನಲ್ಲೇ ಒಪ್ಪಿಕೊಂಡ. ಆದರೆ ಕಾರು ನಿಲ್ಲಲಿಲ್ಲ. ಮಾತೂ ನಿಲ್ಲಲಿಲ್ಲ. ಗ್ಯಾರೇಜು ಮತ್ತೆ ಬಂತು. ತಮ್ಮ ಸ್ಪ್ಯಾನರು ಹಿಡಿದುಕೊಂಡೇ ರಸ್ತೆಗೆ ಬಂದು ತಲೆ ಕೆರೆದುಕೊಳ್ಳುತ್ತ ನಿಂತ. ಆಕೆ ಅವನ ಕಡೆ ನೋಡಲೇ ಇಲ್ಲ.

"ಚಕ್ರ ನೋಡ್ಕೊಂಡು ಬರ್ತೀರಾ ಒಂದು ಸಲ?" ಎಂದಳು ಮತ್ತೆ.

ಡ್ರೈವರ್ ಇಳಿದು ನೋಡಿ ಬಂದ. ಈ ಹೆಂಗಸಿಗೆ ಮುದುಕಿಯ ಮೇಲೆ ಎಷ್ಟು ಕಾಳಜಿ ಎಂದುಕೊಂಡ.

ಮೂರನೇ ಸಲ ಗ್ಯಾರೇಜು ದಾಟುವಾಗ ತಮ್ಮನ ಜೊತೆ ಅವನ ಹೆಂಡತಿಯೂ ಹೊರಗೆ ಬಂದು ನಿಂತಿದ್ದಳು. "ಅಕ್ಕಾ! ಇದೇನು ಪೆಟ್ರೋಲಾ, ಅಕ್ಷಯ ಪಾತ್ರೆನಾ?" ಎಂದು ತಮ್ಮ ಕೂಗಿದ. ಡ್ರೈವರ್ ಮೀಟರು ನೋಡಿದ. ನೋಡಿ, ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದ. ಈ ಭೂಮಿಯ ಮೇಲೆ ಯಾವ ಮುದುಕಿಯೂ ಒಂದು ಲೀಟರಿನಲ್ಲಿ ಅಷ್ಟು ದೂರ ಓಡಿದ್ದಿಲ್ಲ. ಅವನು ಮೆಲ್ಲಗೆ ಕಾರನ್ನು ಬದಿಗೆ ತಂದು ನಿಲ್ಲಿಸಿ ಆಕೆಯ ಕಡೆ ತಿರುಗಿದ.

ಬಾಟಲಿ ಅರ್ಧಕ್ಕಿಂತ ಮೇಲಿತ್ತು. ಆಕೆಯ ಕಾಲ ಬಳಿ ಕ್ಯಾನಿನ ಮುಚ್ಚಳ ಓರೆಯಾಗಿತ್ತು. ಆಲಿಕೆ ಒದ್ದೆಯಾಗಿತ್ತು. ಆಕೆ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದು ನೋಡುವವಳಂತೆ ನೋಡುತ್ತಿದ್ದಳು, ಆದರೆ ತುಟಿಯ ತುದಿ ಆಕೆಯ ಮಾತು ಕೇಳದೆ ನಗುತ್ತಿತ್ತು.

"ಇದೇನ್ರೀ ಇದು?" ಎಂದ ಡ್ರೈವರ್.

"ಮೈಲೇಜು," ಎಂದಳು ಆಕೆ.

"ಚಕ್ರ ನೋಡ್ಕೊಂಡು ಬನ್ನಿ ಅಂದಿದ್ದು..."

"ಮತ್ತೆ? ಓಡುವಾಗ ಪೆಟ್ರೋಲು ಸುರಿಯೋಕೆ ನನಗೇನು ತಲೆ ಕೆಟ್ಟಿದೆಯಾ? ಎಂಜಿನ್ ಆರಿಸಿ ಇಳೀತಿದ್ರಲ್ಲ, ಆಗ ಹಾಕ್ತಿದ್ದೆ. ಮೋಸ ನೀವೊಬ್ಬರೇ ಮಾಡಬೇಕು ಅಂತ ಏನಾದ್ರೂ ಇದೆಯಾ?"

ಡ್ರೈವರ್ ಬಾಟಲಿ ನೋಡಿದ, ಕ್ಯಾನು ನೋಡಿದ. "ಹಾಗಾದ್ರೆ ಸಾದಾ ಎಷ್ಟು ಕೊಟ್ಟಿತು ಅಂತ ಗೊತ್ತೇ ಆಗಲಿಲ್ವಲ್ಲ."

"ಗೊತ್ತಾಗದೇ ಇದ್ರೆ ಏನೀಗ? ನಾಳೆಯಿಂದ ನೀವು ಸಾದಾನೇ ಹಾಕಿಸ್ಕೊಳ್ಳಿ, ಆ ಸಾಲಲ್ಲೇ ನಿಂತ್ಕೊಂಡು. ಹಾರ್ನ್ ಹೊಡೆಯೋರು ಹೊಡೀಲಿ." ಆಕೆ ಈಗ ಅವನ ಕಡೆ ತಿರುಗಿದಳು. "ನನ್ನ ಡ್ಯೂಟಿ ಏಳಕ್ಕೆ ಮುಗಿಯುತ್ತೆ. ಗೇಟಿನ ಹೊರಗೆ ಟ್ಯಾಕ್ಸಿ ನಿಲ್ಲಿಸೋಕೆ ಯಾವ ಪೆಟ್ರೋಲಾದ್ರೂ ನಡೆಯುತ್ತೆ. ಟೀ ನಿಮ್ಮದು. ಕತೆ ಅರ್ಧ ನಿಮ್ಮದು, ಅರ್ಧ ನಂದು."

ಡ್ರೈವರ್ ಏನೋ ಹೇಳಬೇಕೆಂದುಕೊಂಡ. ಅದರ ಬದಲು ಕೈ ತಾನಾಗಿ ಜೇಬಿಗೆ ಹೋಯಿತು, ಬಾಚಣಿಗೆ ಸಿಕ್ಕಿತು, ಏನು ಮಾಡುವುದೆಂದು ತಿಳಿಯದೆ ಅದನ್ನೇ ತೆಗೆದು ತಲೆ ಬಾಚಿಕೊಂಡ. ಆಕೆ ಅದಕ್ಕೂ ನಕ್ಕಳು.

"ವಾಪಸು ಹೋಗೋಣವಾ? ನಿಮ್ಮ ತಮ್ಮ ಕಾಯ್ತಿದ್ದಾನೆ," ಎಂದ.

ಆಕೆ ಕ್ಯಾನನ್ನು ಎತ್ತಿ ಕಿವಿಯ ಬಳಿ ಹಿಡಿದು ಅಲುಗಾಡಿಸಿದಳು. ಒಳಗೆ ಕುಳುಕುಳು ಎಂದಿತು.

"ಇನ್ನೂ ಇದೆ," ಎಂದಳು. "ಹೊರಡಿ."